ಹಡಗಿನಾಳುಗಳ ಬಾಳು

ಆಳಂದ, ಅಫಜಲಪುರ, ಜೇವರ್ಗಿಗಳು ಕಡಲನ್ನು ಕಾಣದ ಸೀಮೆಗಳು. ಅಲ್ಲಿ ಜಲಯಾನವೆಂದರೆ ಭೀಮೆಯನ್ನು ದಾಟುವುದಷ್ಟೆ. ಆದರೂ ವಿಲಾಯತಿಯ ಬಟ್ಟೆಯು ಹಡಗಿನಲ್ಲಿ ಮುಂಬಯಿಗೆ ಬಂದು, ರೈಲಿನಲ್ಲಿ ಕಲಬುರ್ಗಿಯನ್ನು ಮುಟ್ಟಿ, ಈ ಕಡೆಯ ಸಂತೆಗಳನ್ನು ಸೇರುತ್ತಿದ್ದ ಕಾಲವೊಂದಿತ್ತು. ಅಂತಹ ಸರಕನ್ನು ಹೊತ್ತು ತಂದವರ ಬಾಳನ್ನು ಗೃಹಸ್ಥರು ಅರಿಯುವುದು ಯುಕ್ತವಾಗಿದೆ.

1914ರ ಸುಮಾರಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ 50 ಸಾವಿರದಷ್ಟು ಲಸ್ಕರರು ದುಡಿಯುತ್ತಿದ್ದರು. ಇವರಲ್ಲಿ ಬಹುಮಂದಿ ನಮ್ಮ ದೇಶದವರೇ. 1906ರ ಕಾಯಿದೆಯು ಬಿಳಿಯ ನಾವಿಕನೊಬ್ಬನಿಗೆ 120 ಘನ ಅಡಿ ವಾಸಸ್ಥಳವನ್ನು ವಿಧಿಸಿತು. ಲಸ್ಕರನಿಗಾದರೋ 36 ಘನ ಅಡಿಯೇ ಉಳಿಯಿತು. ಎಂದರೆ 6 ಅಡಿ ಉದ್ದ, 2 ಅಡಿ ಅಗಲ, 3 ಅಡಿ ಎತ್ತರ! ಜೋಳವನ್ನು ತುಂಬುವ ಹಗೇವು ಸಹ ಸಾಮಾನ್ಯವಾಗಿ ಇದಕ್ಕಿಂತ ವಿಶಾಲವಾದುದು. ಹಡಗಿನ ತಳದಲ್ಲಿ, ಕುದಿಯುವ ಹಂಡೆಗಳೆದುರು 4 ತಾಸು ಕಲ್ಲಿದ್ದಲನ್ನು ಎಸೆದು ಬಳಲಿದವನು ಮಲಗಬೇಕಾದುದು ಇಂತಹ ಇಕ್ಕಟ್ಟಿನಲ್ಲಿಯೇ. ಸಂಬಳವೂ ಬಿಳಿಯನದಕ್ಕಿಂತ ಬಹಳ ಕಡಿಮೆ.

ಈ ಭೇದವು ಕಾಯಿದೆಯಿಂದಲೇ ಹುಟ್ಟಿದುದು, ಕಾಯಿದೆಯಿಂದಲೇ ಅಳಿಯಬೇಕಾಯಿತು. 2006ರ ಕಡಲ ಕಾರ್ಮಿಕರ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ಭಾರತವು 2015ರಲ್ಲಿ ಅಂಗೀಕರಿಸಿತು. ಅದರಂತೆ ಹೊಸ ಹಡಗುಗಳಲ್ಲಿ ಹಾಸಿಗೆಯು ಕನಿಷ್ಠ 198 ಸೆಂಟಿಮೀಟರ್ ಉದ್ದ, 80 ಸೆಂಟಿಮೀಟರ್ ಅಗಲವಿರತಕ್ಕದ್ದು. ಮಲಗುವವನು ಯಾವ ದೇಶದವನೆಂದು ಆ ಅಳತೆಯು ಕೇಳುವುದಿಲ್ಲ.