ಸಾಲ ತೀರಿಸುವ ಸಾಲಕ್ಕೆ ಬ್ಯಾಂಕ್ ಇಲ್ಲ ಎಂದಾಗ

ಹತ್ತಿರದ ಸಂಬಂಧಿಯೊಬ್ಬರು ಒಂದು ಸಂಜೆ ಮನೆಗೆ ಬಂದು ಫೋನಿನಲ್ಲಿದ್ದ ಮೆಸೇಜ್ ತೋರಿಸಿದರು. ಎರಡು ಕ್ರೆಡಿಟ್ ಕಾರ್ಡ್ ಸೇರಿ ಅವರಿಗೆ ಮೂರು ಲಕ್ಷ ಬಾಕಿ ಇತ್ತು. ಅಷ್ಟಕ್ಕೂ ಒಂದೇ ಪರ್ಸನಲ್ ಲೋನ್ ತೆಗೆದು ಕಾರ್ಡುಗಳ ಕಾಟ ಕಳೆದುಕೊಂಡು, ತಿಂಗಳಿಗೊಂದು ಕಂತು ಕಟ್ಟಿಕೊಂಡು ಹೋಗೋಣ ಎಂಬುದು ಅವರ ಯೋಚನೆ. ಬ್ಯಾಂಕಿನ ಉತ್ತರ ಒಂದೇ ಸಾಲಿನದು: ಆಂತರಿಕ ನಿಯಮಗಳ ಪ್ರಕಾರ ನಿಮ್ಮ ಅರ್ಜಿಯನ್ನು ಪರಿಗಣಿಸಲು ಆಗುವುದಿಲ್ಲ. "ಇದ್ದ ಸಾಲ ತೀರಿಸೋಕೆ ತಾನೇ ಕೇಳಿದ್ದು? ಹೊಸದಾಗಿ ಖರ್ಚು ಮಾಡೋಕಲ್ಲವಲ್ಲ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಬ್ಯಾಂಕ್ ಲೆಕ್ಕ ಹಾಕುವ ರೀತಿಯಲ್ಲಿದೆ.

ಮೊದಲು ಅವರ ಲೆಕ್ಕವನ್ನೇ ನೋಡೋಣ. ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.5 ಎಂದುಕೊಂಡರೆ ಮೂರು ಲಕ್ಷಕ್ಕೆ ತಿಂಗಳ ಬಡ್ಡಿ 10,500 ರೂಪಾಯಿ. ಕಾರ್ಡಿನ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿಯೂ ಇದೆ, ಅದು 1,890. ಬಾಕಿಯ ಶೇ 5ರಷ್ಟು, ಅಂದರೆ 15,000 ರೂಪಾಯಿ 'ಮಿನಿಮಮ್ ಡ್ಯೂ' ಕಟ್ಟಿದರೆ ಅಸಲಿಗೆ ಹೋಗುವುದು ಬರೀ 2,610. ಅದೇ ಮೂರು ಲಕ್ಷವನ್ನು ವರ್ಷಕ್ಕೆ ಶೇ 16ರ ಬಡ್ಡಿಯಲ್ಲಿ ಮೂರು ವರ್ಷಕ್ಕೆ ಪರ್ಸನಲ್ ಲೋನ್ ಮಾಡಿಕೊಂಡರೆ ಕಂತು ಸುಮಾರು 10,550. ಪರ್ಸನಲ್ ಲೋನಿನ ಬಡ್ಡಿಗೆ ಜಿಎಸ್‌ಟಿ ಇಲ್ಲ. ಕಾರ್ಡಿಗೆ ಬರೀ ಬಡ್ಡಿಯೆಂದು ಕೊಡುತ್ತಿದ್ದ ಹಣದಲ್ಲೇ ಇಲ್ಲಿ ಮೂರು ವರ್ಷಕ್ಕೆ ಇಡೀ ಸಾಲ ತೀರಿಹೋಗುತ್ತದೆ. ಅವರ ಯೋಚನೆಯಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ಬ್ಯಾಂಕಿನವರು ಕೂಡಿಸುವುದು ಬೇರೆ ಥರ. ಕೈಗೆ ಬರುವ ಸಂಬಳದಲ್ಲಿ ಎಷ್ಟು ಪಾಲು ಕಂತುಗಳಿಗೆ ಹೋಗುತ್ತದೆ ಎಂದು ಅವರು ನೋಡುತ್ತಾರೆ. ಇದಕ್ಕೆ ಅವರ ಭಾಷೆಯಲ್ಲಿ ಎಫ್‌ಒಐಆರ್ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಶೇ 50ರ ಆಸುಪಾಸಿನಲ್ಲಿ ಇರಬೇಕು. ಸಂಬಳ 50,000, ಬೈಕು, ಮೊಬೈಲು ಮತ್ತು ಹಳೆಯ ಲೋನಿನ ಕಂತು ಸೇರಿ 13,000, ಕಾರ್ಡುಗಳ ಲೆಕ್ಕಕ್ಕೆ 15,000, ಒಟ್ಟು 28,000. ಇಷ್ಟಕ್ಕೇ ಶೇ 56 ಆಯಿತು. ಇದರ ಮೇಲೆ ಹೊಸ ಕಂತು 10,550 ಸೇರಿಸಿದರೆ ಶೇ 77. ಕಾರ್ಡಿನ 15,000 ನಾಳೆಯಿಂದ ಇರುವುದಿಲ್ಲವಲ್ಲ ಎಂದು ನಾವು ಹೇಳುತ್ತೇವೆ. ಬ್ಯಾಂಕಿಗೆ ಅದರ ಖಾತ್ರಿ ಎಲ್ಲಿದೆ? ಹಣ ನಮ್ಮ ಖಾತೆಗೆ ಬಂದ ಮೇಲೆ ಅದನ್ನು ಕಾರ್ಡಿಗೆ ಕಟ್ಟುತ್ತೇವೋ, ಮಗಳ ಮದುವೆಗೆ ಬಳಸುತ್ತೇವೋ ಯಾರಿಗೆ ಗೊತ್ತು? ಹಾಗಾಗಿ ಹಳೆಯದನ್ನು ಕಳೆಯದೆ ಹೊಸದನ್ನು ಕೂಡಿಸುತ್ತಾರೆ. ಇದೇ ಲೆಕ್ಕದಲ್ಲಿ ಕಾರ್ಡಿನ 15,000 ಕಳೆದುಬಿಟ್ಟರೆ ಒಟ್ಟು 23,550, ಅಂದರೆ ಶೇ 47. ಅದೇ ಮನುಷ್ಯ, ಅದೇ ಸಂಬಳ, ಉತ್ತರ ಮಾತ್ರ ಬೇರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾಲವೂ ಸ್ವಲ್ಪ ಬಿಗಿಯಾಗಿದೆ. 2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಪರ್ಸನಲ್ ಲೋನ್‌ನಂಥ ಅಡಮಾನವಿಲ್ಲದ ಸಾಲಗಳ ರಿಸ್ಕ್ ತೂಕವನ್ನು ಶೇ 100ರಿಂದ 125ಕ್ಕೆ, ಬ್ಯಾಂಕುಗಳ ಕಾರ್ಡ್ ಬಾಕಿಯದನ್ನು 125ರಿಂದ 150ಕ್ಕೆ ಏರಿಸಿತು. ಇಂಥ ಸಾಲ ಕೊಟ್ಟಾಗ ಬ್ಯಾಂಕು ತನ್ನ ಬಂಡವಾಳದಲ್ಲಿ ಹೆಚ್ಚು ಹಣ ಎತ್ತಿಡಬೇಕು. ಅಂಚಿನಲ್ಲಿರುವ ಅರ್ಜಿಗಳಿಗೆ ಮೊದಲು ಪೆಟ್ಟು ಬೀಳುವುದು ಹೀಗೆ.

ನಮ್ಮ ಸಂಬಂಧಿಗೆ ಬ್ಯಾಂಕಿನ ನಿರಾಕರಣೆಗಿಂತ ಹೆಚ್ಚು ನಷ್ಟವಾದದ್ದು ಆ ರಾತ್ರಿ. ಬೇಸರದಲ್ಲಿ ಕೂತು ಇನ್ನೂ ನಾಲ್ಕು ಕಡೆ ಆನ್‌ಲೈನ್ ಅರ್ಜಿ ಹಾಕಿದ್ದರು. ಸಾಲ ಕೊಡುವವರು ನಮ್ಮ ಸಿಬಿಲ್ ತೆಗೆಸಿದಾಗಲೆಲ್ಲ 'ಎನ್‌ಕ್ವೈರಿ' ಎಂದು ದಾಖಲಾಗುತ್ತದೆ. ಒಂದೇ ವಾರದಲ್ಲಿ ಐದು ಎನ್‌ಕ್ವೈರಿ ಕಂಡರೆ, ಈ ಮನುಷ್ಯ ಎಲ್ಲರ ಬಾಗಿಲನ್ನೂ ತಟ್ಟುತ್ತಿದ್ದಾನೆ ಎಂದೇ ಮುಂದಿನವರು ಓದಿಕೊಳ್ಳುತ್ತಾರೆ, ಸ್ಕೋರೂ ಇಳಿಯುತ್ತದೆ. ನಾವೇ ನಮ್ಮ ವರದಿ ನೋಡಿಕೊಂಡರೆ ಸ್ಕೋರಿಗೆ ಏನೂ ಆಗುವುದಿಲ್ಲ. ಆದ್ದರಿಂದ ಇಲ್ಲ ಎಂಬ ಉತ್ತರ ಬಂದ ದಿನ ಮಾಡಬೇಕಾದ ಮೊದಲ ಕೆಲಸ ಸುಮ್ಮನಿರುವುದು. ಮೂರು ತಿಂಗಳು ಎಲ್ಲಿಯೂ ಅರ್ಜಿ ಹಾಕಬೇಡಿ.

ಆಮೇಲೆ ಕಾರಣ ಕೇಳಿ, ಬರಹದಲ್ಲಿ ಕೇಳಿ. ಸಾಲದ ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬ್ಯಾಂಕು ಬರಹದಲ್ಲೇ ತಿಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನ್ಯಾಯಯುತ ವ್ಯವಹಾರ ಸಂಹಿತೆಯಲ್ಲಿದೆ. ಶಾಖೆಗೆ ಹೋಗಿ ಬಾಯಲ್ಲಿ ಕೇಳಿದರೆ "ಸಿಸ್ಟಂ ರಿಜೆಕ್ಟ್ ಮಾಡಿದೆ" ಎಂದು ಕಳಿಸಿಬಿಡುತ್ತಾರೆ. ಇ-ಮೇಲ್ ಕಳಿಸಿದರೆ ಉತ್ತರ ಕೊಡಲೇಬೇಕಾಗುತ್ತದೆ.

ಜೊತೆಗೇ ನಿಮ್ಮ ಕ್ರೆಡಿಟ್ ವರದಿ ತರಿಸಿಕೊಳ್ಳಿ. ನಾವೆಲ್ಲ ಸಿಬಿಲ್ ಎನ್ನುತ್ತೇವೆ, ಆದರೆ ಈ ದಾಖಲೆ ಇಡುವ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಪ್ರತಿ ಕಂಪನಿಯಿಂದಲೂ ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತ. ಬಹಳ ಜನ 300ರಿಂದ 900ರ ನಡುವೆ ತಮ್ಮ ಸ್ಕೋರ್ ಎಷ್ಟಿದೆ ಎಂದು ನೋಡಿ ಮುಚ್ಚಿಡುತ್ತಾರೆ. ನಿಜವಾದ ವಿಷಯ ಒಳಗಿನ ಪುಟಗಳಲ್ಲಿದೆ. ಪ್ರತಿ ಸಾಲದ ಕೆಳಗೆ ತಿಂಗಳುವಾರು ಡಿಪಿಡಿ ಎಂಬ ಸಾಲಿರುತ್ತದೆ, ಅಂದರೆ ಕಂತು ಎಷ್ಟು ದಿನ ತಡವಾಗಿದೆ ಎಂಬುದು. ಅಲ್ಲಿ ಸೊನ್ನೆಗಳ ನಡುವೆ 30, 60 ಎಂಬ ಅಂಕಿ ಇದೆಯೇ ನೋಡಿ. ಯಾವುದಾದರೂ ಖಾತೆಯ ಮುಂದೆ 'ಸೆಟಲ್ಡ್' ಅಥವಾ 'ರಿಟನ್ ಆಫ್' ಎಂದಿದೆಯೇ ನೋಡಿ. ತೀರಿಸಿ ಎನ್‌ಒಸಿ ಪಡೆದ ಬೈಕಿನ ಸಾಲ ಇನ್ನೂ ತೆರೆದೇ ಇದೆಯೇ ನೋಡಿ.

ಇನ್ನೊಂದು ನಮ್ಮ ಕಡೆ ಬಹಳ ಸಾಮಾನ್ಯ. ಸ್ನೇಹಿತನ ಸಾಲಕ್ಕೆ, ಸಹೋದ್ಯೋಗಿಯ ಸೊಸೈಟಿ ಲೋನಿಗೆ ಜಾಮೀನು ಸಹಿ ಹಾಕಿ ಮರೆತಿರುತ್ತೇವೆ. ಅವರು ಕಂತು ತಪ್ಪಿಸಿದರೆ ಆ ಕಲೆ ಜಾಮೀನುದಾರನ ವರದಿಯಲ್ಲೂ ಬೀಳಬಹುದು. ದಾಕ್ಷಿಣ್ಯಕ್ಕೆ ಹಾಕಿದ ಸಹಿ ವರ್ಷಗಳ ನಂತರ ನಮ್ಮದೇ ಸಾಲಕ್ಕೆ ಅಡ್ಡ ಬರುವುದು ಹೀಗೆ.

ತಪ್ಪು ಕಂಡರೆ ಆ ಕಂಪನಿಯ ವೆಬ್‌ಸೈಟಿನಲ್ಲೇ ತಕರಾರು ದಾಖಲಿಸಿ, ಸಾಲ ಕೊಟ್ಟವರಿಗೂ ಬರೆಯಿರಿ. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಇದೆ. ಅದೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಸಹಾಯವಾಣಿ 14448. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕಾಗಿರುವುದರಿಂದ ಕಟ್ಟಿದ ಬಾಕಿ ಬೇಗ ವರದಿಗೆ ಬರುತ್ತದೆ.

ಈಗ ಮತ್ತೆ ಕೇಳುವ ಬಗೆ. ಶೇ 77 ಮತ್ತು ಶೇ 47ರ ಆ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಸಂಬಳ ಬೀಳುವ ಬ್ಯಾಂಕಿಗೆ ಹೋಗಿ, ಹಣವನ್ನು ನನ್ನ ಕೈಗೆ ಕೊಡಬೇಡಿ, ನೇರವಾಗಿ ಕಾರ್ಡಿನ ಬಾಕಿಗೇ ಕಟ್ಟಿ ಎಂದು ಕೇಳಿ. ಬ್ಯಾಲೆನ್ಸ್ ಟ್ರಾನ್ಸ್‌ಫರ್ ಎಂದರೂ ಟೇಕ್‌ಓವರ್ ಎಂದರೂ ಇದೇ. ಆಗ ಹಳೆಯ ಕಂತನ್ನು ಕಳೆದು ನೋಡಲು ಅಧಿಕಾರಿಗೆ ಒಂದು ಆಧಾರ ಸಿಗುತ್ತದೆ. ಪೂರ್ತಿ ಮೂರು ಲಕ್ಷ ಸಿಗದಿದ್ದರೆ ಹೆಚ್ಚು ಬಡ್ಡಿಯ ಒಂದು ಕಾರ್ಡಿಗಾಗುವಷ್ಟೇ ಕೇಳಿ. ಸಂಬಳವಿರುವ ಹೆಂಡತಿಯೋ ಗಂಡನೋ ಸಹ ಅರ್ಜಿದಾರರಾದರೆ ಲೆಕ್ಕ ಇನ್ನೂ ಸಡಿಲವಾಗುತ್ತದೆ. ಗೃಹಸಾಲ ಇದ್ದವರು ಅದರ ಮೇಲೆ ಟಾಪ್‌ಅಪ್ ವಿಚಾರಿಸಬೇಕು, ಬಡ್ಡಿ ಬಹಳ ಕಡಿಮೆ.

ಹೊಸ ಸಾಲವೇ ಬೇಡವೆನ್ನುವವರು ಕಾರ್ಡ್ ಕೊಟ್ಟ ಬ್ಯಾಂಕಿಗೇ ಫೋನ್ ಮಾಡಿ ಬಾಕಿಯನ್ನು ಇಎಂಐ ಮಾಡಿಕೊಡಿ ಎಂದು ಕೇಳಬಹುದು. ಎಫ್‌ಡಿ ಅಥವಾ ಎಲ್‌ಐಸಿ ಪಾಲಿಸಿಯ ಮೇಲಿನ ಸಾಲಕ್ಕೆ ಸ್ಕೋರ್ ಅಡ್ಡಿಯಾಗುವುದಿಲ್ಲ. ಚಿನ್ನದ ಸಾಲವೂ ಸುಲಭ. 2025ರ ಜೂನ್‌ನ ನಿಯಮದ ಪ್ರಕಾರ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ ಶೇ 85ರವರೆಗೂ ಕೊಡಬಹುದು. ಕಲ್ಲಿನ ತೂಕ, ಮಜೂರಿ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಒಂದು ಮಾತು: ಒಡವೆ ಬಹುಪಾಲು ಮನೆಯ ಹೆಂಗಸಿನದು. ಸಾಲ ಎಷ್ಟಿದೆ, ಏಕಾಯಿತು ಎಂದು ಅವರಿಗೆ ಪೂರ್ತಿ ಹೇಳಿ, ಒಪ್ಪಿಗೆ ಪಡೆದು ಅಡವಿಡಿ. ತಿಂಗಳ ಕಂತಿನ ಚಿನ್ನದ ಸಾಲವನ್ನೇ ಆರಿಸಿಕೊಳ್ಳಿ. ವರ್ಷದ ಕೊನೆಗೆ ಒಟ್ಟಿಗೆ ಕಟ್ಟುತ್ತೇನೆಂದು ಇಟ್ಟ ಒಡವೆ ಹರಾಜಿನವರೆಗೆ ಹೋಗುವುದುಂಟು.

ಬ್ಯಾಂಕು ಒಲ್ಲೆ ಎಂದ ಕೂಡಲೇ ಎಲ್ಲಿಂದಲೋ ಸುಲಭ ಸಾಲದ ಫೋನುಗಳು ಬರತೊಡಗುತ್ತವೆ. ಸಾಲ ಕೊಡುವ ಮೊದಲೇ ಪ್ರೊಸೆಸಿಂಗ್ ಫೀ ಕಳಿಸಿ ಎನ್ನುವವರು ಮೋಸಗಾರರು. ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಅರ್ಧ ಕೊಟ್ಟರೆ ಸಾಕು, ಸೆಟಲ್‌ಮೆಂಟ್ ಮಾಡಿಸುತ್ತೇವೆ ಎನ್ನುವವರ ಬಲೆಗೂ ಬೀಳಬೇಡಿ. 'ಸೆಟಲ್ಡ್' ಎಂಬ ಪದ ವರದಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಕಂತು ಕಟ್ಟುವ ದಾರಿಯೇ ಇಲ್ಲದವರಿಗೆ ಮಾತ್ರ ಅದು ಕೊನೆಯ ಬಾಗಿಲು. ಮೀಟರ್ ಬಡ್ಡಿಯ ಕಡೆಯಂತೂ ತಲೆ ಹಾಕಬೇಡಿ. ಚಾಮರಾಜನಗರದ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿ ಮಾಡುವವರಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡದ ಸುಗ್ರೀವಾಜ್ಞೆ ತಂದಿತು. ಯಾರಾದರೂ ಮನೆ ಮುಂದೆ ನಿಂತು ಹೆದರಿಸಿದರೆ ಪೊಲೀಸ್ ಠಾಣೆಗೆ ಹೋಗಲು ಅಂಜಬೇಡಿ.

ನಮ್ಮ ಸಂಬಂಧಿಯ ವರದಿಯಲ್ಲಿ ತೀರಿಹೋದ ಮೊಬೈಲ್ ಸಾಲವೊಂದು ಇನ್ನೂ ಬಾಕಿಯೆಂದೇ ಇತ್ತು. ಅದು ಸರಿಹೋಗಲು ಒಂದು ತಿಂಗಳು ಹಿಡಿಯಿತು. ಐದನೆಯ ತಿಂಗಳಿಗೆ ಸಂಬಳದ ಬ್ಯಾಂಕು ಒಂದೂವರೆ ಲಕ್ಷ ಕೊಟ್ಟು ದೊಡ್ಡ ಕಾರ್ಡಿಗೆ ನೇರ ಕಟ್ಟಿತು. ಅದೇ ದಿನ ಅವರಿಂದ ಆ ಕಾರ್ಡಿನ ಮಿತಿಯನ್ನು ಇಪ್ಪತ್ತು ಸಾವಿರಕ್ಕೆ ಇಳಿಸುವ ಅರ್ಜಿಗೆ ಸಹಿ ಹಾಕಿಸಿದೆ.