ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ: ವರ್ತಕರು ತಿಳಿಯಬೇಕಾದ ಅಂಶಗಳು

ಕಾರ್ಖಾನೆಗೆ ಐಎಸ್‌ಒ ಪ್ರಮಾಣಪತ್ರ, ಆಭರಣಕ್ಕೆ ಹಾಲ್‌ಮಾರ್ಕ್ ಇರುವಂತೆ ಆಸ್ಪತ್ರೆಗಳಿಗೂ ಗುಣಮಟ್ಟದ ಮಾನ್ಯತೆ ಉಂಟು. ಭಾರತೀಯ ಗುಣಮಟ್ಟ ಮಂಡಳಿಯು 2005ರಲ್ಲಿ ಸ್ಥಾಪಿಸಿದ ಎನ್‌ಎಬಿಎಚ್ ಸಂಸ್ಥೆಯು ಇದನ್ನು ನೀಡುತ್ತದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಪ್ರಕಾರ ನೋಂದಣಿ ಕಡ್ಡಾಯ. ಎನ್‌ಎಬಿಎಚ್ ಮಾನ್ಯತೆಯಾದರೋ ಸ್ವಇಚ್ಛೆಯದು. ಹಾಗಿದ್ದಲ್ಲಿ ಇದಕ್ಕೆ ಹಣ ಮತ್ತು ಶ್ರಮ ವ್ಯಯಿಸುವುದೇಕೆ?

ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ನರ್ಸಿಂಗ್ ಹೋಂ ಒಂದರ ಲೆಕ್ಕ ಪರಿಶೋಧನೆಗೆ ಹೋಗಿದ್ದೆ. ಔಷಧ ದಾಸ್ತಾನು ಪುಸ್ತಕಕ್ಕೆ ಸರಿಯಾಗಿ ತಾಳೆಯಾಯಿತು. ಆದರೆ ಕಪಾಟಿನಲ್ಲಿದ್ದ ಕೆಲವು ಚುಚ್ಚುಮದ್ದುಗಳ ಅವಧಿ ಮುಗಿದಿತ್ತು. ವಿಚಾರಿಸಿದಾಗ, ಅದನ್ನು ನೋಡುವ ಹೊಣೆ ಯಾರದೆಂದು ಎಲ್ಲಿಯೂ ನಿಗದಿಯಾಗಿರಲಿಲ್ಲ. ಲೆಕ್ಕ ಸರಿಯಿದ್ದರೂ ರೋಗಿಗೆ ಅಪಾಯ ತಪ್ಪಿರಲಿಲ್ಲ.

ಮಾನ್ಯತೆಯ ಪ್ರಯೋಜನವಿರುವುದು ಇಲ್ಲಿಯೇ. ಎನ್‌ಎಬಿಎಚ್ ಮಾನದಂಡಗಳು 10 ಅಧ್ಯಾಯಗಳಲ್ಲಿದ್ದು, ಔಷಧಗಳ ನಿರ್ವಹಣೆ, ಸೋಂಕು ನಿಯಂತ್ರಣ, ರೋಗಿಯ ಹಕ್ಕುಗಳು, ಸಿಬ್ಬಂದಿಯ ಅರ್ಹತೆ, ದಾಖಲೆ ಮುಂತಾದವುಗಳನ್ನು ಒಳಗೊಂಡಿವೆ. ಯಾವ ಕೆಲಸವನ್ನು ಯಾರು, ಯಾವಾಗ ಮಾಡಬೇಕೆಂದು ಬರೆದಿಡಬೇಕು; ಮಾಡಿದ್ದಕ್ಕೆ ದಾಖಲೆಯಿರಬೇಕು; ತಪ್ಪಾದಲ್ಲಿ ಕಾರಣ ಹುಡುಕಿ ಸರಿಪಡಿಸಬೇಕು. ಹೊರಗಿನ ಪರಿಶೀಲಕರು ಬಂದು ಇದನ್ನು ಪರೀಕ್ಷಿಸುತ್ತಾರೆ.

ಇದು ಮಹಾನಗರದ ಆಸ್ಪತ್ರೆಗಳಿಗೆ ಮಾತ್ರ ಎಂಬ ಭಾವನೆ ಸರಿಯಲ್ಲ. 50 ಹಾಸಿಗೆಗಳವರೆಗಿನ ಸಂಸ್ಥೆಗಳಿಗೆ ಪ್ರತ್ಯೇಕ ಮಾನದಂಡಗಳಿವೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸಣ್ಣ ನರ್ಸಿಂಗ್ ಹೋಂಗಳು ಮೊದಲಿಗೆ ಪ್ರವೇಶ ಹಂತದ ಪ್ರಮಾಣೀಕರಣವನ್ನು ಪಡೆಯಬಹುದು. ಸರ್ಕಾರಿ ಆಸ್ಪತ್ರೆಗಳಿಗಾಗಿ ಕೇಂದ್ರ ಆರೋಗ್ಯ ಇಲಾಖೆಯ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳಿವೆ.

ಆದಾಯದ ದೃಷ್ಟಿಯಿಂದಲೂ ವ್ಯತ್ಯಾಸವುಂಟು. ಅಕ್ಟೋಬರ್ 2025ರಲ್ಲಿ ಜಾರಿಗೆ ಬಂದ ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆಯ ಪರಿಷ್ಕೃತ ದರಗಳಲ್ಲಿ, ಮಾನ್ಯತೆ ಇಲ್ಲದ ಆಸ್ಪತ್ರೆಗಳಿಗೆ ಮಾನ್ಯತೆ ಪಡೆದವುಗಳಿಗಿಂತ ಶೇ. 15ರಷ್ಟು ಕಡಿಮೆ ದರ ನಿಗದಿಯಾಗಿದೆ.

ಮಾನ್ಯತೆ ಇದ್ದ ಮಾತ್ರಕ್ಕೆ ಪ್ರತಿ ಚಿಕಿತ್ಸೆಯೂ ಫಲಿಸುವುದೆಂಬ ಖಾತರಿಯಿಲ್ಲ. ಪರಿಶೀಲನೆಯ ದಿನಕ್ಕೆಂದೇ ಕಡತ ತುಂಬಿಸಿದರೆ ಉಪಯೋಗವೂ ಇಲ್ಲ. ವರ್ಷಾಂತ್ಯದಲ್ಲಿ ಒಂದೇ ಬಾರಿಗೆ ಬರೆದ ರೋಜುಕೀರ್ದಿಯಂತೆಯೇ ಅದು.

ನೌಕರರಿಗೆ ಗುಂಪು ಆರೋಗ್ಯ ವಿಮೆ ಮಾಡಿಸುವ ಸದಸ್ಯರು ಕಂತಿನ ಮೊತ್ತವೊಂದನ್ನೇ ನೋಡದೆ, ಪಟ್ಟಿಯಲ್ಲಿರುವ ಸಮೀಪದ ಆಸ್ಪತ್ರೆಗಳಿಗೆ ಮಾನ್ಯತೆ ಇದೆಯೇ, ಅದರ ಅವಧಿ ಎಂದಿನವರೆಗೆ, ಯಾವ ಸೇವೆಗಳಿಗೆ ಅನ್ವಯಿಸುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯುವುದು ಸೂಕ್ತ. ಗ್ರಾಹಕರು ಕೇಳತೊಡಗಿದರೆ ಆಸ್ಪತ್ರೆಗಳೂ ಆ ದಾರಿ ಹಿಡಿಯುತ್ತವೆ.