ಕಮಿಟಿ ಸೀಟಿಗೆ ಬೆಲೆ ಕಟ್ಟೋದು ಹೇಗೆ?

ಆಫೀಸಲ್ಲಿ ಯಾವ ಪ್ರಾಜೆಕ್ಟ್ ಚೆನ್ನಾಗಿದೆ ಅಂತ ಕೇಳಿದ್ರೆ ಎಲ್ಲರೂ 'ನಂದೇ' ಅಂತಾರೆ, ಮ್ಯಾನೇಜರ್ ಪಕ್ಕದಲ್ಲಿದ್ರೆ ಇನ್ನೂ ಜೋರಾಗಿ. ಯಾರು ಯಾವುದನ್ನು ಬಿಟ್ಟು ಯಾವುದಕ್ಕೆ ಟ್ರಾನ್ಸ್‌ಫರ್ ಕೇಳ್ತಾರೆ ಅಂತ ನೋಡಿ, ಆಗ ನಿಜ ಗೊತ್ತಾಗುತ್ತೆ.

ಟಿಮ್ ಗ್ರೋಸ್‌ಕ್ಲೋಸ್, ಚಾರ್ಲ್ಸ್ ಸ್ಟೂವರ್ಟ್ ಎಂಬ ಇಬ್ಬರು ಅಮೆರಿಕದ ಸಂಸತ್ತಿನ ಕೆಳಮನೆಗೆ ಇದೇ ಅಳತೆಗೋಲು ಹಿಡಿದರು. 1947ರಿಂದ 1991ರವರೆಗೆ ಯಾವ ಸದಸ್ಯರು ಯಾವ ಕಮಿಟಿ ಬಿಟ್ಟುಕೊಟ್ಟು ಯಾವುದನ್ನು ಪಡೆದರು ಅಂತ ಲೆಕ್ಕ ಹಾಕಿ 1998ರಲ್ಲಿ ಪ್ರಕಟಿಸಿದರು. ಇಲ್ಲೊಂದು ಸೂಕ್ಷ್ಮ ಇದೆ. ಅಲ್ಲಿ ಕಮಿಟಿ ಬದಲಿಸಿದರೆ ಸೀನಿಯಾರಿಟಿ ಹೋಗುತ್ತೆ, ಹೊಸ ಕಡೆ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಅಷ್ಟು ಕಳೆದುಕೊಂಡೂ ಹೋಗ್ತಾರೆ ಅಂದ್ರೆ ಆ ಸೀಟಿಗೆ ನಿಜವಾದ ಬೆಲೆ ಇದೆ ಅಂತಲೇ ಅರ್ಥ. ಹತ್ತು ವರ್ಷ ಒಂದೇ ಕಡೆ ಕೂತವರಿಗೆ ಆ ಕಮಿಟಿ ಪ್ರಾಣ ಅಂತೇನೂ ಅಲ್ಲ, ಸೀನಿಯಾರಿಟಿ ಬಿಡೋಕೆ ಮನಸ್ಸಿಲ್ಲದೇ ಇರಬಹುದು.

ಪಟ್ಟಿಯ ತುದಿಗೆ ಬಂದದ್ದು ವೇಸ್ ಅಂಡ್ ಮೀನ್ಸ್, ಅಂದ್ರೆ ತೆರಿಗೆ ಕಮಿಟಿ. ತೆರಿಗೆ ಮಸೂದೆ ಕೆಳಮನೆಯಲ್ಲೇ ಹುಟ್ಟಬೇಕು ಅಂತ ಅವರ ಸಂವಿಧಾನವೇ ಹೇಳುತ್ತೆ. ಸಾಲದ್ದಕ್ಕೆ 1970ರ ದಶಕದ ನಡುವಿನವರೆಗೂ ಡೆಮಾಕ್ರಾಟ್ ಪಕ್ಷದವರಿಗೆ ಕಮಿಟಿ ಸೀಟು ಹಂಚುತ್ತಿದ್ದವರೂ ಈ ಕಮಿಟಿಯ ಡೆಮಾಕ್ರಾಟ್‌ಗಳೇ. ಯಾರು ಬಿಡ್ತಾರೆ ಹೇಳಿ?

ನಮ್ಮ ಸಂಸತ್ತಿಗೆ ಈ ಲೆಕ್ಕ ಹಾಕೋಕೆ ಹೋದ್ರೆ ಕೈಗೆ ಏನೂ ಸಿಗಲ್ಲ. 24 ಇಲಾಖಾ ಸ್ಥಾಯಿ ಸಮಿತಿಗಳು, ಒಂದೊಂದರಲ್ಲಿ 31 ಜನ: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಹೆಸರು ಕೊಡೋದು ಪಕ್ಷ, ನೇಮಿಸೋದು ಸ್ಪೀಕರ್ ಮತ್ತು ಸಭಾಪತಿ, ಅವಧಿ ಒಂದು ವರ್ಷ. ಸಂಸದ ಸಮಿತಿ ಬದಲಿಸಿದ್ರೆ ಅದು ಅವರ ಆಸೆಯೋ ಪಕ್ಷದ ಲೆಕ್ಕಾಚಾರವೋ ಹೇಳೋಕಾಗಲ್ಲ. ಮೇಲಾಗಿ ಸಮಿತಿಯ ಶಿಫಾರಸನ್ನು ಸರ್ಕಾರ ಒಪ್ಪಲೇಬೇಕು ಅಂತೇನಿಲ್ಲ.

ಹಾಗಾಗಿ ಇಲ್ಲಿ ಬೆಲೆ ಕಾಣಿಸೋದು ಅಧ್ಯಕ್ಷರ ಕುರ್ಚಿಯಲ್ಲಿ. ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರಾಗೋ ರೂಢಿ. 2017ರಿಂದ 2019ರವರೆಗೆ ನಮ್ಮ ಮಲ್ಲಿಕಾರ್ಜುನ ಖರ್ಗೆಯವರಿದ್ದರು.

ನಮ್ಮ ಫೀಲ್ಡಿನ ವಿಷಯಕ್ಕೇ ಬನ್ನಿ. 2019ರ ಡೇಟಾ ಸಂರಕ್ಷಣೆ ಮಸೂದೆ ಜಂಟಿ ಸಮಿತಿಯಲ್ಲಿ ಎರಡು ವರ್ಷ ಕೂತಿತು. ವರದಿ ಬಂದ ಮೇಲೆ, 2022ರಲ್ಲಿ, ಸರ್ಕಾರ ಆ ಮಸೂದೆಯನ್ನೇ ವಾಪಸ್ ತಗೊಂಡಿತು. 2023ರಲ್ಲಿ ತಂದ ಹೊಸ ಮಸೂದೆ ಯಾವ ಸಮಿತಿಗೂ ಹೋಗದೆ ಪಾಸಾಯ್ತು. ಇಂಥ ಸಮಿತಿಯಲ್ಲಿ ರಾತ್ರಿ ಹಗಲು ದುಡಿಯೋಕೆ ಸಂಸದರಿಗೆ ಕಾರಣ ಏನಿದೆ ಅಂತ ನನಗೆ ಅನ್ನಿಸುತ್ತೆ. ಆದ್ರೂ ಕೆಲವರು ದುಡೀತಾರೆ. ವರದಿಗಳ ಕೊನೆಯಲ್ಲಿ ಸಭೆಯ ನಡಾವಳಿ ಇರುತ್ತೆ, ಯಾರು ಬಂದಿದ್ರು ಅಂತ ಹೆಸರೂ ಇರುತ್ತೆ. ನಿಮ್ಮ ವೋಟು ಊರಲ್ಲಿರಲಿ, ಪುಣೆಯಲ್ಲಿರಲಿ, ನಿಮ್ಮ ಸಂಸದರ ಹೆಸರು ಅಲ್ಲಿದೆಯಾ ಅಂತ ಒಮ್ಮೆ ತೆಗೆದು ನೋಡಿ.